ಯುಗಾದಿ ಮರುದಿನ ತಾರಸಿಯಲ್ಲಿ 30 ಜನ: ಕುಡಿಯುವವರಿಗೂ ಕುಡಿಯದವರಿಗೂ ಆಗುವ ಪಾನೀಯ ಮಾಡೋದು ಹೇಗೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಈ ಸಲ ಯುಗಾದಿ ಮರುದಿನ ಚಂದ್ರನನ್ನು ನೋಡಿ, ಹಿರಿಯರಿಗೆ ನಮಸ್ಕಾರ ಮಾಡಿದ ಮೇಲೆ ನಮ್ಮ ತಾರಸಿಯಲ್ಲಿ ಸುಮಾರು 30 ಜನ ಸೇರುತ್ತೇವೆ. ಅತ್ತೆ, ಮಾವ ಮತ್ತು ಅವರ ಕಡೆಯ ಹಿರಿಯರು ಮದ್ಯ ಮುಟ್ಟುವವರಲ್ಲ. ಬೆಂಗಳೂರಿನಿಂದ ಬರುವ ಮೈದುನ ಮತ್ತು ಅವನ ಸ್ನೇಹಿತರು ಒಂದೆರಡು ಪೆಗ್ ತೆಗೆದುಕೊಳ್ಳುತ್ತಾರೆ. ಅತಿಯಾಗದ ಹಾಗೆ ನೋಡಿಕೊಂಡರೆ ಅಡ್ಡಿಯಿಲ್ಲ ಎಂದು ಮಾವ ಒಪ್ಪಿದ್ದಾರೆ. ಮಕ್ಕಳು ಹೊಗೆ ಬರುವ ಡ್ರಿಂಕ್ ಬೇಕು ಅಂತಿದ್ದಾರೆ. ಹೋದ ವರ್ಷ ಬೆಳಿಗ್ಗೆ ಮಾಡಿಟ್ಟ ನಿಂಬೆ ಶರಬತ್ತು ಸಂಜೆ ಹೊತ್ತಿಗೆ ಕಹಿಯಾಗಿತ್ತು. ದಾಳಿಂಬೆ ಜ್ಯೂಸ್ ಒಗರಾಗಿತ್ತು. ಎಲ್ಲರಿಗೂ ಆಗುವ ಹಾಗೆ ಏನು ಮಾಡಲಿ, ಎಷ್ಟು ಮಾಡಲಿ? ಹಿಂದಿನ ದಿನವೇ ಮಾಡಿಡಬಹುದಾ?

ಉತ್ತರ: ಮದ್ಯವಿಲ್ಲದ ಪಾನೀಯವನ್ನು ಮೊದಲು ಮಾಡಿ, ಅದನ್ನೇ ಶ್ರದ್ಧೆಯಿಂದ ಮಾಡಿ. ಏನೂ ಬೆರೆಸದೆ ಕುಡಿದರೂ ಅದು ಪೂರ್ತಿ ರುಚಿಯಾಗಿರಬೇಕು. ಮದ್ಯ ಬೇಕಾದವರಿಗೆ ಅದೇ ಪಾನೀಯದ ಜೊತೆ, ಅವರವರ ಲೋಟಕ್ಕೆ, ಅಳೆದು ಹಾಕಿಕೊಡಿ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಇದರಿಂದಲೇ ದಾರಿ ಸಿಗುತ್ತದೆ.

ಎಷ್ಟೋ ಮನೆಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಯಾವ ಬಾಟ್ಲಿ ತರಬೇಕು ಅಂತ ವಾರಗಟ್ಟಲೆ ಮಾತಾಡುತ್ತಾರೆ. ಕುಡಿಯದ ಅಜ್ಜಿಗೆ, ಬಸುರಿ ಹೆಣ್ಣುಮಗಳಿಗೆ, ಕಾರು ಓಡಿಸಿಕೊಂಡು ಊರಿಗೆ ಹೋಗಬೇಕಾದವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಅಂಗಡಿ ಜ್ಯೂಸ್ ಕೊಟ್ಟು ಮುಗಿಸುತ್ತಾರೆ. ನನಗಿದು ಬೇಸರದ ವಿಷಯ. ನಿಮ್ಮ 30 ಜನರಲ್ಲೂ ಕುಡಿಯದವರೇ ಜಾಸ್ತಿ ಅಲ್ವಾ? ಹಬ್ಬ ಅವರದೂ ಹೌದು.

ಮೊದಲು ನಿಂಬೆಯ ಕಹಿ. ನಿಂಬೆಯ ಬೀಜದಲ್ಲಿ, ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ಕಹಿ ಇರುತ್ತದೆ. ಜೋರಾಗಿ ಹಿಂಡಿದರೆ, ಬೀಜ ಜಜ್ಜಿ ಹೋದರೆ ಅದು ರಸಕ್ಕೆ ಇಳಿಯುತ್ತದೆ. ಚೆನ್ನಾಗಿ ಹಿಂಡಿದ ರಸ ಕೂಡ ಗಂಟೆಗಳು ಕಳೆದ ಹಾಗೆ ತಾಜಾತನ ಕಳೆದುಕೊಂಡು ಕಹಿಗೆ ತಿರುಗುತ್ತದೆ. ಹಾಗಾಗಿ ನಿಂಬೆಯನ್ನು ಬೆಳಿಗ್ಗೆ ಹಿಂಡಿಡಬೇಡಿ. ಮಧ್ಯಾಹ್ನದ ಮೇಲೆ, ಜನ ಬರುವ ಒಂದೆರಡು ಗಂಟೆ ಮುಂಚೆ ಹಿಂಡಿ. ಹಣ್ಣನ್ನು ಕಲ್ಲಿನ ಮೇಲೆ ಅಂಗೈಯಿಂದ ಉರುಳಿಸಿ, ಅರ್ಧ ಮಾಡಿ, ಜಾಲರಿ ಮೇಲೆ ಹದವಾಗಿ ಹಿಂಡಿ. ಕೊನೆಯ ಹನಿಯ ಆಸೆ ಬಿಡಿ. ಅದರಲ್ಲೇ ಕಹಿ ಇರೋದು.

ದಾಳಿಂಬೆ ಒಗರಾದದ್ದೂ ಹೆಚ್ಚುಕಡಿಮೆ ಇಂಥದೇ ಕಾರಣಕ್ಕೆ. ಕಾಳುಗಳನ್ನು ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಿದರೆ ಒಳಗಿನ ಬಿಳಿ ಬೀಜವೂ ಪುಡಿಯಾಗಿ ಒಗರು, ಕಹಿ ಬಿಡುತ್ತದೆ. ಕಾಳುಗಳ ನಡುವಿನ ಹಳದಿ ಪೊರೆ ಸೇರಿಹೋದರೆ ಇನ್ನೂ ಕಹಿ. ಮಿಕ್ಸಿಯನ್ನು ಒಂದೆರಡು ಸಲ ಚುರ್ ಅನ್ನಿಸಿ ನಿಲ್ಲಿಸಿ. ಕಾಳು ಒಡೆದರೆ ಸಾಕು, ಬೀಜ ಉಳಿಯಬೇಕು. ಆಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಸೋಸಿ. ಸ್ಟೀಲಿನ ಚಕ್ಕುಲಿ ಒರಳಿದ್ದರೆ ಇನ್ನೂ ಒಳ್ಳೆಯದು. ಸಣ್ಣ ತೂತಿನ ಬಿಲ್ಲೆ ಹಾಕಿ ಕಾಳು ತುಂಬಿ ನಿಧಾನಕ್ಕೆ ಒತ್ತಿದರೆ ರಸ ಮಾತ್ರ ಇಳಿಯುತ್ತದೆ.

ದಾಳಿಂಬೆ ವಿಷಯದಲ್ಲಿ ನಿಮ್ಮದು ಪುಣ್ಯದ ಊರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆ ಇದನ್ನು ತುಂಬಾ ಬೆಳೆಯುತ್ತಾರೆ. ಕಡುಗೆಂಪು ಕಾಳಿನ ಭಗವಾ ತಳಿ ಸಿಕ್ಕರೆ ರಸಕ್ಕೆ ಬಣ್ಣ ಹಾಕುವ ಮಾತೇ ಬರುವುದಿಲ್ಲ. ಜ್ಯೂಸ್‌ಗೆ ಮೊದಲ ದರ್ಜೆಯ ಹಣ್ಣು ಬೇಕಿಲ್ಲ. ಸಿಪ್ಪೆ ಸ್ವಲ್ಪ ಬಿರಿದ, ಕಲೆ ಬಿದ್ದ ಹಣ್ಣು ಅಗ್ಗಕ್ಕೆ ಸಿಗುತ್ತದೆ. ಒಳಗಿನ ಕಾಳು ಕೊಳೆಯದೆ, ಹುಳಿ ವಾಸನೆ ಬರದೆ ಇದ್ದರೆ ಅದೇ ಸಾಕು. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸುವ ಹಣ್ಣು ಆರಿಸಿ. ಎರಡೂವರೆ ಕೆಜಿಯಷ್ಟು ಹಣ್ಣಿನಿಂದ ಹತ್ತಿರ ಹತ್ತಿರ ಒಂದು ಲೀಟರ್ ರಸ ಬರುತ್ತದೆ.

ಈ ಒಂದು ಲೀಟರ್‌ಗೆ 150 ಮಿಲಿ ನಿಂಬೆರಸ, 200 ಮಿಲಿ ಬೆಲ್ಲದ ಪಾಕ, 40 ಮಿಲಿ ಹಸಿಶುಂಠಿ ರಸ, ಒಂದು ಚಮಚ ಕಪ್ಪುಪ್ಪು, ಅರ್ಧ ಚಮಚ ಹುರಿದ ಜೀರಿಗೆ ಪುಡಿ. ಶುಂಠಿ ರಸ ಹಿಂಡಿದ ಮೇಲೆ ಕಾಲು ಗಂಟೆ ಅಲುಗಿಸದೆ ಬಿಡಿ. ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಲೋಟಕ್ಕೆ ಮೂರ್ನಾಲ್ಕು ಐಸ್, ಮೇಲೆ ಈ ರಸ 100 ಮಿಲಿ, ಅದರ ಮೇಲೆ ತಣ್ಣಗಿನ ಸೋಡಾ 100 ಮಿಲಿ. ಒಂದು ಅಳತೆಗೆ 14 ಲೋಟ ಆಗುತ್ತದೆ. ನೀವು ಎರಡರಷ್ಟು ಮಾಡಿ. ಅಂದರೆ 5 ಕೆಜಿ ಹಣ್ಣು, 28 ಲೋಟ.

ಬೆಲ್ಲದ ಪಾಕ ಅಂದೆನಲ್ಲ, ಇದು ನಿಮ್ಮ ಕೈಯಲ್ಲಿರಲೇಬೇಕು. ಒಂದು ಬಟ್ಟಲು ಪುಡಿ ಬೆಲ್ಲಕ್ಕೆ ಒಂದು ಬಟ್ಟಲು ನೀರು. ಕರಗಿಸಿ, ಒಂದು ಕುದಿ ಬರಿಸಿ, ಬಟ್ಟೆಯಲ್ಲಿ ಸೋಸಿ ಆರಿಸಿ. ಎಳೆ ಪಾಕ ಬರುವವರೆಗೆ ಕಾಯಿಸೋದು ಬೇಡ. ಸೋಸದೇ ಹಾಕಿದರೆ ಲೋಟದ ತಳದಲ್ಲಿ ಮರಳು ಸಿಗುತ್ತದೆ. ಹಳದಿ-ಬಿಳಿ ಹೊಳಪಿನ ಬೆಲ್ಲ ನೋಡಿ ಮರುಳಾಗಬೇಡಿ. ಆ ಬಣ್ಣ ಬರಲಿ ಅಂತ ಎಷ್ಟೋ ಕಡೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಕಂದು ಬಣ್ಣದ್ದೇ ರುಚಿ. ಬೆಲ್ಲ ಮಾಡುವಾಗ ಕಬ್ಬಿನ ಹಾಲು ತಿಳಿಯಾಗಲಿ ಅಂತ ಸುಣ್ಣ ಸೇರಿಸುವುದುಂಟು. ಅದಕ್ಕೇ ಕೆಲವು ಬೆಲ್ಲಕ್ಕೆ ನಿಂಬೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ರುಚಿ ನೋಡುವುದಕ್ಕೂ ಒಂದು ಕ್ರಮ ಇದೆ. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಐಸ್ ಕರಗಿದಷ್ಟೂ ಎಲ್ಲ ರುಚಿಯೂ ತೆಳುವಾಗುತ್ತದೆ. ಹಾಗಾಗಿ ಪಾತ್ರೆಯಲ್ಲಿರುವಾಗ ಅದು ಸ್ವಲ್ಪ ಜಾಸ್ತಿ ಸಿಹಿ, ಸ್ವಲ್ಪ ಜಾಸ್ತಿ ಹುಳಿ ಅನ್ನಿಸಬೇಕು. ಒಂದು ಲೋಟಕ್ಕೆ ಐಸು ಸೋಡಾ ಎಲ್ಲ ಹಾಕಿ, ಐದು ನಿಮಿಷ ಬಿಟ್ಟು ಕುಡಿದು ನೋಡಿ. ಅತಿಥಿ ಕುಡಿಯುವುದು ಅದನ್ನೇ ತಾನೆ? ಕಹಿ ಇಣುಕಿದರೆ ಇನ್ನಷ್ಟು ಬೆಲ್ಲ ಸುರಿಯುವ ಮುಂಚೆ ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ನಿಂಬೆ ಸೋಡಾ ಮಾಡುವುದಾದರೆ ಒಂದು ಲೋಟಕ್ಕೆ 25 ಮಿಲಿ ರಸ, 35ರಿಂದ 40 ಮಿಲಿ ಪಾಕ, ಉಳಿದದ್ದು ಸೋಡಾ. ಇಲ್ಲಿಂದ ಶುರುಮಾಡಿ ನಿಮ್ಮ ಮನೆಯ ನಾಲಿಗೆಗೆ ಹೊಂದಿಸಿಕೊಳ್ಳಿ.

ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಇದು ದೊಡ್ಡ ವಿಷಯ. ಬೋರ್‌ವೆಲ್ ನೀರು ಗಡಸಾಗಿದ್ದರೆ ನಿಂಬೆಯ ಹುಳಿ ಮಂಕಾಗುತ್ತದೆ, ಪಾನಕಕ್ಕೆ ಒಂದು ಥರ ಸಪ್ಪೆತನ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯೂ ಇದೆ. ಪಾನಕಕ್ಕೂ ಐಸ್‌ಗೂ ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿ.

ಐಸ್ ಹೊರಗಿನಿಂದ ತರುವುದಾದರೆ ಎಚ್ಚರ. ಮೀನು ಮಾಂಸ ಕೆಡದಂತೆ ಇಡಲು ಮಾಡುವ ದಿಮ್ಮಿ ಐಸ್ ಕುಡಿಯುವ ನೀರಿನದ್ದೇ ಅನ್ನುವ ಖಾತ್ರಿ ಇಲ್ಲ. ತಿನ್ನಲಾಗದ ಐಸ್‌ಗೆ ನೀಲಿ ಬಣ್ಣ ಸೇರಿಸಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಆದರೆ ಬಣ್ಣ ಇಲ್ಲ ಅಂದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ. ಮನೆಯಲ್ಲೇ ಮೂರು ದಿನ ಮುಂಚಿನಿಂದ ಸಣ್ಣ ಬಟ್ಟಲುಗಳಲ್ಲಿ ನೀರಿಟ್ಟು, ಗಟ್ಟಿಯಾದ ಹಾಗೆ ತೆಗೆದು ಸ್ಟೀಲ್ ಡಬ್ಬಿಗೆ ತುಂಬುತ್ತಾ ಬನ್ನಿ. ದೊಡ್ಡ ಗಡ್ಡೆ ನಿಧಾನಕ್ಕೆ ಕರಗುತ್ತದೆ. ಲೋಟಕ್ಕೆ 100 ಗ್ರಾಂ ಅಂದರೂ 60 ಲೋಟಕ್ಕೆ 6 ಕೆಜಿ ಬೇಕು. ಒಂದು ಫ್ರಿಜ್ ಸಾಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಮಾರ್ಚ್-ಏಪ್ರಿಲ್‌ನಲ್ಲಿ ದಾವಣಗೆರೆ ತಾರಸಿ ರಾತ್ರಿ ಎಂಟಕ್ಕೂ ಬಿಸಿ ಉಗುಳುತ್ತಿರುತ್ತದೆ. ರಸ, ಸೋಡಾ, ಪಾನಕ ಎಲ್ಲವನ್ನೂ ಮೊದಲೇ ಪೂರ್ತಿ ತಣ್ಣಗೆ ಮಾಡಿಟ್ಟರೆ ಮಾತ್ರ ಈ 6 ಕೆಜಿ ಸಾಕಾಗುತ್ತದೆ. ಸೋಡಾ ತಣ್ಣಗಿದ್ದರೆ ಗ್ಯಾಸ್ ಕೂಡ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡು ಲೀಟರ್ ಬಾಟ್ಲಿ ಬೇಡ, ಸಣ್ಣವನ್ನು ಬೇಕಾದ ಹಾಗೆ ಒಡೆಯಿರಿ. ಲೋಟದ ಅಂಚಿಗೆ ಇಳಿಬಿಟ್ಟು ಕೊನೆಯಲ್ಲಿ ಹಾಕಿ, ಒಂದೇ ಸಲ ಕಲಕಿ.

ಇನ್ನು ಪಾನಕ. 4 ಲೀಟರ್ ನೀರಿಗೆ ಅರ್ಧ ಕೆಜಿ ಬೆಲ್ಲ, ಎಂಟು ನಿಂಬೆಹಣ್ಣು, ಎರಡು ಚಮಚ ಒಣಶುಂಠಿ ಪುಡಿ, ಒಂದು ಚಮಚ ಕಾಳುಮೆಣಸಿನ ಪುಡಿ, ಹತ್ತು-ಹನ್ನೆರಡು ಏಲಕ್ಕಿ, ಚಿಟಿಕೆ ಉಪ್ಪು. ಒಣಶುಂಠಿ, ಮೆಣಸು ಮಧ್ಯಾಹ್ನವೇ ಬೆಲ್ಲದ ನೀರಿಗೆ ಬೀಳಲಿ. ಅವುಗಳ ಸತ್ವ ಇಳಿಯಲು ಹೊತ್ತು ಬೇಕು. ನಿಂಬೆ ಮತ್ತು ಏಲಕ್ಕಿ ಕೊನೆಗೆ. ಕಾಮಕಸ್ತೂರಿ ಬೀಜವನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿ ಹಾಕಿದರೆ ನೋಡಲೂ ಚೆಂದ. ಲಾವಂಚದ ಬೇರು ಸಿಕ್ಕರೆ ಚೆನ್ನಾಗಿ ತೊಳೆದು, ಕಟ್ಟು ಮಾಡಿ, ಮಣ್ಣಿನ ಮಡಕೆಯ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಆ ನೀರಿನಲ್ಲಿ ಪಾನಕ ಮಾಡಿ ನೋಡಿ. ಬಾಟ್ಲಿ ಎಸೆನ್ಸ್ ಯಾವುದೂ ಅದರ ಹತ್ತಿರ ಬರುವುದಿಲ್ಲ.

ಪಾತ್ರೆ ಬಗ್ಗೆ ಒಂದು ಮಾತು. ಹಬ್ಬ ಅಂತ ಹಿತ್ತಾಳೆ ಕೊಳಗ, ತಾಮ್ರದ ಹಂಡೆ ಹೊರಗೆ ತೆಗೆಯುವ ಆಸೆ ಆಗುತ್ತದೆ. ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆಗೆ ನಿಂಬೆ, ಹುಣಸೆ, ಮಜ್ಜಿಗೆ ಯಾವುದನ್ನೂ ಹಾಕಬೇಡಿ. ಹುಳಿಗೆ ಲೋಹ ಬಿಟ್ಟುಕೊಂಡು ವಾಂತಿ, ಹೊಟ್ಟೆನೋವು ಆಗಬಹುದು. ಸ್ಟೀಲ್, ಗಾಜು, ಮಣ್ಣು ಮೂರೂ ಸರಿ. ಕೊಳಗವನ್ನು ಪಕ್ಕದಲ್ಲಿ ಹೂವಿಟ್ಟು ಅಲಂಕಾರಕ್ಕೆ ಇಡಿ.

ಮೂರನೆಯದು ನೀರು ಮಜ್ಜಿಗೆ. ನಿಮ್ಮ ಮನೆಯ ಕೈಗೆ ಇದನ್ನು ನಾನು ಕಲಿಸಬೇಕಿಲ್ಲ. ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು, ಇಂಗು, ಕರಿಬೇವು, ಶುಂಠಿ, ಕೊತ್ತಂಬರಿ. ಇದು ಬೇಕೇ ಬೇಕು, ಅದಕ್ಕೆ ಎರಡು ಕಾರಣ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಪಾನಕವೂ ದಾಳಿಂಬೆ ರಸವೂ ಹೊಂದುವುದಿಲ್ಲ. ಬೆಲ್ಲ ಅಂದರೆ ತೊಂದರೆ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಎರಡನೆಯದು, ದಾವಣಗೆರೆ ಮನೆ ಅಂದಮೇಲೆ ಮಂಡಕ್ಕಿ-ಮಿರ್ಚಿ ಇಲ್ಲದೆ ಇರುತ್ತದಾ? ಮೆಣಸಿನಕಾಯಿ ಉರಿ ನೀರಿಗೆ ಕರಗುವುದಿಲ್ಲ. ಸೋಡಾ ಆ ಉರಿಯನ್ನು ಇನ್ನೂ ಚುರುಕು ಮಾಡುತ್ತದೆ, ಮದ್ಯವೂ ಅಷ್ಟೇ. ಮಜ್ಜಿಗೆಯಲ್ಲಿರುವ ಹಾಲಿನ ಪ್ರೋಟೀನ್ ಅದನ್ನು ಹಿಡಿದು ತೊಳೆದುಬಿಡುತ್ತದೆ. ಮಿರ್ಚಿ ತಟ್ಟೆಯ ಪಕ್ಕದಲ್ಲೇ ಮಜ್ಜಿಗೆ ಇರಲಿ.

ಲೆಕ್ಕ ಹೀಗಾಯ್ತು: 4 ಲೀಟರ್ ಪಾನಕ 20 ಲೋಟ, 4 ಲೀಟರ್ ಮಜ್ಜಿಗೆ 20 ಲೋಟ, ದಾಳಿಂಬೆ 28 ಲೋಟ. 30 ಜನಕ್ಕೆ ತಲಾ ಎರಡು ಲೋಟ ಕೊಟ್ಟು ಮೇಲೆ ಉಳಿಯುತ್ತದೆ. ಎಳನೀರು ಕೊಡುವ ಮನಸ್ಸಿದ್ದರೆ ಅಲ್ಲೇ ಕೆತ್ತಿಸಿ ಕೊಡಿ. ಬಗ್ಗಿಸಿ ಇಟ್ಟ ಎಳನೀರು ಈ ಸೆಕೆಗೆ ಬೇಗ ಹುಳಿಯಾಗುತ್ತದೆ. ಕಬ್ಬಿನ ಹಾಲಂತೂ ಮನೆಗೆ ತರುವಷ್ಟರಲ್ಲೇ ಕಪ್ಪಾಗಿರುತ್ತದೆ, ಬೇಡ.

ಮಕ್ಕಳ ಹೊಗೆಯ ಆಸೆಗೆ ನನ್ನ ಉತ್ತರ ಸ್ಪಷ್ಟ: ಕೊಡಬೇಡಿ. ಆ ಹೊಗೆ ಬರುವುದು ದ್ರವ ಸಾರಜನಕದಿಂದ ಅಥವಾ ಡ್ರೈ ಐಸ್‌ನಿಂದ. ದ್ರವ ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ವಸ್ತು. ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ. ಒಂದು ತುಣುಕು ಹೊಟ್ಟೆಗೆ ಹೋದರೆ ಒಳಗೆ ಸುಟ್ಟಗಾಯ, ಜೊತೆಗೆ ಗ್ಯಾಸ್ ಉಬ್ಬಿ ಜಠರ ಹರಿಯುವ ಅಪಾಯ. 2024ರಲ್ಲಿ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ ಸ್ಮೋಕ್ ಬಿಸ್ಕೆಟ್ ತಿಂದ ಹುಡುಗ ನೋವಿನಿಂದ ಒದ್ದಾಡಿದ ವಿಡಿಯೊ ನೀವೂ ನೋಡಿರಬಹುದು. ಹಬ್ಬದ ಮನೆಯಲ್ಲಿ ಆ ಗಂಡಾಂತರ ಯಾಕೆ?

ಅದರ ಬದಲು ಇದನ್ನು ಮಾಡಿ. ಔಷಧಿ ಸಿಂಪಡಿಸದ ನೀಲಿ ಶಂಖಪುಷ್ಪದ ಹತ್ತು-ಹನ್ನೆರಡು ಹೂವನ್ನು ಒಂದು ದೊಡ್ಡ ಲೋಟ ಬಿಸಿನೀರಿಗೆ ಹಾಕಿ. ಐದು ನಿಮಿಷದಲ್ಲಿ ನೀರು ಕಡುನೀಲಿ ಆಗುತ್ತದೆ. ಸೋಸಿ, ಆರಿಸಿ, ಐಸ್ ಮಾಡಿ. ಲೋಟಕ್ಕೆ ಆ ನೀಲಿ ಐಸ್ ಹಾಕಿ ಮಕ್ಕಳ ಕಣ್ಣೆದುರೇ ನಿಂಬೆ ಶರಬತ್ತು ಸುರಿಯಿರಿ. ಹುಳಿ ತಾಗಿದ ಕೂಡಲೇ ನೀಲಿ ನೇರಳೆಯಾಗಿ, ನಿಂಬೆ ಜಾಸ್ತಿಯಾದರೆ ಗುಲಾಬಿ ಕಡೆಗೆ ತಿರುಗುತ್ತದೆ. ಹೂವಿನ ಬಣ್ಣಕ್ಕೆ ಹುಳಿ ಸೇರಿದರೆ ಹೀಗಾಗುತ್ತದೆ. ಮಕ್ಕಳು ಹೊಗೆಯನ್ನು ಮರೆಯುತ್ತಾರೆ.

ಈಗ ಮೈದುನರ ವಿಷಯ. ದೊಡ್ಡ ಪಾತ್ರೆಗೆ ಮದ್ಯ ಬೆರೆಸಲೇಬೇಡಿ. ಬೆರೆಸಿದರೆ ಯಾರು ಎಷ್ಟು ಕುಡಿದರು ಅನ್ನುವ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಮುಖ್ಯ, ಜೀವಮಾನವಿಡೀ ಮುಟ್ಟದ ಹಿರಿಯರೊಬ್ಬರು ಗೊತ್ತಿಲ್ಲದೆ ಒಂದು ಗುಟುಕು ಕುಡಿದರೆ ಅದನ್ನು ಯಾವ ಕ್ಷಮೆಯೂ ಸರಿಮಾಡುವುದಿಲ್ಲ. ಬಾಟ್ಲಿಗಳಿಗೆ ತಾರಸಿಯ ಇನ್ನೊಂದು ಮೂಲೆಯಲ್ಲಿ ಬೇರೆ ಮೇಜು ಹಾಕಿ. ಅಲ್ಲಿ ಜವಾಬ್ದಾರಿಯ ಒಬ್ಬರು ನಿಲ್ಲಲಿ. ಅಲ್ಲಿಂದ ಹೋಗುವ ಲೋಟಕ್ಕೆಲ್ಲ ನಿಂಬೆಯ ಬಿಲ್ಲೆ ಸಿಕ್ಕಿಸಿ, ಉಳಿದವಕ್ಕೆ ಪುದೀನ. 21 ತುಂಬದವರಿಗೆ ಆ ಮೇಜಿನಲ್ಲಿ ಏನೂ ಇಲ್ಲ. ದೇವರಿಗೆ ಇಟ್ಟ ಪಾನಕದ ಪಾತ್ರೆಯೂ ಅತ್ತ ಕಡೆ ಹೋಗಬಾರದು. ನೈವೇದ್ಯದ್ದು ಬೇರೆಯೇ ಇರಲಿ.

ಅಳತೆ 30 ಮಿಲಿ. ಕಣ್ಣಂದಾಜು ಬೇಡ, ಕೆಮ್ಮಿನ ಔಷಧಿಯ ಮುಚ್ಚಳದಿಂದಾದರೂ ಅಳೆಯಿರಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಜಿನ್ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುವಂಥವು. ಅಂದರೆ 30 ಮಿಲಿಯಲ್ಲಿ ಸುಮಾರು 10 ಗ್ರಾಂ. ಇಷ್ಟನ್ನು ಕರಗಿಸಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು. ಸಿಹಿ-ಹುಳಿ ಪಾನೀಯದಲ್ಲಿ ಮದ್ಯದ ಘಾಟು ಗೊತ್ತಾಗುವುದಿಲ್ಲ, ಬಾಯಾರಿಕೆಗೆ ಕುಡಿದ ಹಾಗೆ ಇಳಿದುಹೋಗುತ್ತದೆ. ಹಾಗಾಗಿ ಒಂದು ಲೋಟಕ್ಕೆ 30 ಮಿಲಿಯೇ ಮಿತಿ. ಎರಡರ ನಡುವೆ ಒಂದು ಲೋಟ ಮಜ್ಜಿಗೆಯೋ ನೀರೋ ಇರಲಿ.

ಯಾವುದಕ್ಕೆ ಯಾವುದು? ಬೆಲ್ಲಕ್ಕೆ ರಮ್. ಎರಡೂ ಕಬ್ಬಿನಿಂದಲೇ ಬಂದವು, ರುಚಿಯೂ ಒಂದಕ್ಕೊಂದು ಕೂಡುತ್ತದೆ. 30 ಮಿಲಿ ರಮ್, 150 ಮಿಲಿ ಬೆಲ್ಲದ ಪಾನಕ, ಇನ್ನರ್ಧ ನಿಂಬೆ, ಐಸ್. ಒಣಶುಂಠಿ, ಮೆಣಸು ಅಲ್ಲಿ ಚೆನ್ನಾಗಿ ಎದ್ದು ಕಾಣುತ್ತವೆ. ವಿಸ್ಕಿಯೂ ಇದಕ್ಕೆ ಒಗ್ಗುತ್ತದೆ. ನಮ್ಮ ದೇಶದ ಎಷ್ಟೋ ವಿಸ್ಕಿಗಳಲ್ಲಿ, ಕಬ್ಬಿನಿಂದ ಸಕ್ಕರೆ ಮಾಡುವಾಗ ಉಳಿಯುವ ಕಾಕಂಬಿಯಿಂದ ತೆಗೆದ ಮದ್ಯಸಾರವೇ ಇರುತ್ತದೆ. ದಾಳಿಂಬೆಗೆ ವೋಡ್ಕಾ ಅಥವಾ ಜಿನ್. ಜಿನ್‌ಗೆ ಸೌತೆಕಾಯಿ ರಸ, ಲಾವಂಚದ ನೀರು, ನಿಂಬೆ ಹಾಕಿದರೆ ನಮ್ಮ ಬೇಸಿಗೆಗೆ ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಕಡಿಮೆ ಸಾಕು ಅನ್ನುವವರಿಗೆ ಅರ್ಧ ಲೋಟ ಬಿಯರ್, ಅರ್ಧ ಲೋಟ ಶುಂಠಿ-ನಿಂಬೆ ಸೋಡಾ. ಸ್ಟ್ರಾಂಗ್ ಬಿಯರ್ ಅಲ್ಲ ಅಂತ ಲೇಬಲ್ ನೋಡಿ. ಎನರ್ಜಿ ಡ್ರಿಂಕ್ ಬೆರೆಸುವ ರೂಢಿ ಕೆಟ್ಟದ್ದು. ಅದರ ಕೆಫೀನ್ ಅಮಲನ್ನು ಮರೆಮಾಚುತ್ತದೆ, ಕಡಿಮೆ ಮಾಡುವುದಿಲ್ಲ. ಸೀಲ್ ಇಲ್ಲದ, ಯಾರೋ ಕೊಟ್ಟ ಬಿಡಿ ಮದ್ಯ ಮನೆಯೊಳಗೇ ಬರಬಾರದು. ಸಕ್ಕರೆ ಕಾಯಿಲೆ, ಬಿಪಿ, ನಿದ್ದೆ ಮಾತ್ರೆ, ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಿಗೆ ಒತ್ತಾಯ ಬೇಡ. ಒತ್ತಾಯ ಯಾರಿಗೂ ಬೇಡ ಅನ್ನಿ.

ರಾತ್ರಿ ಹಿಂದಿರುಗುವವರು ಯಾರು, ಗಾಡಿ ಓಡಿಸುವವರು ಯಾರು ಅಂತ ಮೊದಲೇ ಕೇಳಿಕೊಳ್ಳಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓಡಿಸುವವರಿಗೆ ಒಂದು ಪೆಗ್ ಕೂಡ ಬೇಡ. ಮೈದುನರ ಸ್ನೇಹಿತರಿಗೆ ನಿಮ್ಮಲ್ಲೇ ಹಾಸಿಗೆ ಹಾಸಿ.

ಹಿಂದಿನ ದಿನ ಏನೇನು ಮಾಡಿಡಬಹುದು ಅಂತ ಕೇಳಿದ್ದಿರಿ. ಐಸ್ ಮೂರು ದಿನ ಮುಂಚೆ. ಬೆಲ್ಲದ ಪಾಕ ಎರಡು ದಿನ ಮುಂಚೆ. ದಾಳಿಂಬೆ ರಸ ಹಿಂದಿನ ಸಂಜೆ ತೆಗೆದು, ಗಾಜಿನ ಬಾಟ್ಲಿಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿಡಿ. ಶುಂಠಿ ರಸ, ಬೆಲ್ಲ-ಮಸಾಲೆ ನೀರು ಜನ ಸೇರುವ ದಿನವೇ. ನಿಂಬೆ ಕೊನೆಗೆ, ಸೋಡಾ ಲೋಟದಲ್ಲಿ.

ಉಳಿದ ದಾಳಿಂಬೆ ರಸವನ್ನು ಐಸ್ ಟ್ರೇಗೆ ಹಾಕಿ ಫ್ರೀಜರ್‌ನಲ್ಲಿಡಿ. ಮುಂದೆ ಯಾರಾದರೂ ಬಿಸಿಲಲ್ಲಿ ಬಂದರೆ ನಾಲ್ಕು ತುಂಡಿಗೆ ಸೋಡಾ ಸುರಿದು ಕೊಡಬಹುದು. ಪಾಕ ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ನಿಂಬೆ ಹಾಕಿದ ಪಾನಕವನ್ನು ಮಾತ್ರ ಆ ರಾತ್ರಿಯೇ ಮುಗಿಸಿ.